ಫೋನಿನ ಎದುರು ಬಿಚ್ಚಿದ ಬುತ್ತಿ

ರಬಕವಿಯ ಮುತ್ತಣ್ಣ ದೊಡ್ಡ ಔಷಧ ಕಂಪನಿಯೊಂದರ ಪ್ರತಿನಿಧಿ. ಜಮಖಂಡಿ, ಮುಧೋಳ, ಬೀಳಗಿಯ ದವಾಖಾನೆಗಳನ್ನು ಬೈಕಿನಲ್ಲಿ ಸುತ್ತುವ ಅವನ ಹುದ್ದೆಯ ಹೆಸರು ಅವನ ಟೈಗಿಂತ ಉದ್ದ. ಆದರೆ ಮಧ್ಯಾಹ್ನ ದಾರಿಬದಿಯಲ್ಲಿ ಒಬ್ಬನೇ ಉಣ್ಣುವಾಗ, ಈ ನೌಕರಿಗಾಗಿ ಬಿಟ್ಟುಬಂದ ಊರಿನ ಮಗ್ಗದ ಶೆಡ್ಡು ನೆನಪಾಗಿ ತುತ್ತು ಇಳಿಯುತ್ತಿರಲಿಲ್ಲ. ಅಲ್ಲಿ ಮಗ್ಗಗಳ ಸದ್ದು ನಿಂತ ಕೂಡಲೇ ಎಲ್ಲರ ಬುತ್ತಿಗಳೂ ಒಂದೇ ಕಡೆ ಬಿಚ್ಚಿಕೊಳ್ಳುತ್ತಿದ್ದವು. ಯಾರ ರೊಟ್ಟಿ ಯಾರ ಹೊಟ್ಟೆಗೆ ಹೋಯಿತೆಂದು ಕೇಳುವವರಿರಲಿಲ್ಲ.

ನೌಕರರ ಒಂಟಿತನ ಹೇಗೋ ಕಂಪನಿಗೂ ತಿಳಿಯಿತು. ಶುಕ್ರವಾರ ಎಲ್ಲರೂ ಫೋನಿನ ವಿಡಿಯೊದಲ್ಲಿ ಕೂಡಿ ಉಣ್ಣಬೇಕೆಂದು ಆದೇಶ ಬಂತು. ಮುತ್ತಣ್ಣ ಹಿಗ್ಗಿದ. ಚಿಕ್ಕಪಡಸಲಗಿ ಬ್ಯಾರೇಜಿನ ಬಳಿ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿ, ಶೆಡ್ಡಿನ ರೂಢಿಯಂತೆ ರೊಟ್ಟಿ ಮುರಿದು ಫೋನಿನತ್ತ ಚಾಚಿದ.

“ಬರ್ರಿ ಸರ, ಊಟಾ ಮಾಡೂಣು. ಪುಂಡಿಪಲ್ಯ ಐತ್ರಿ.”

“ಸರ್ ಅನ್ಬೇಡಿ ಮುತ್ತಣ್ಣ, ಇಲ್ಲಿ ನಾವೆಲ್ಲ ಒಂದೇ ಕುಟುಂಬ,” ಎಂದರು ಬೆಂಗಳೂರಿನ ಮ್ಯಾನೇಜರು. “ಅಂದಹಾಗೆ, ಮುಧೋಳದಲ್ಲಿ ಕೆಮ್ಮಿನ ಸಿರಪ್ ಯಾಕೆ ಓಡ್ತಿಲ್ಲ?”

ಅಷ್ಟರಲ್ಲಿ ಕುಟುಂಬಕ್ಕೆಂದು ಕಂಪನಿ ಕೊಟ್ಟ ಹೊತ್ತು ಮುಗಿದು ಪರದೆ ಕಪ್ಪಾಯಿತು. ಚಾಚಿದ ಕೈಯಲ್ಲಿ ರೊಟ್ಟಿ ಹಾಗೇ ಇತ್ತು.

ಅಲ್ಲೇ ಕುರಿ ಮೇಯಿಸುತ್ತಿದ್ದ ಮುದುಕ ಅಮಸಿದ್ದಪ್ಪ ನಕ್ಕ. “ಯಾರಿಗಿ ಉಣಸಾಕತ್ತೀಯೋ ತಮ್ಮಾ?”

“ನಮ್ಮ ಕಂಪನಿಗಿ. ಅದಕ್ಕ ಹಸಿವಿಲ್ಲಂತ. ನೀವರೆ ಬರ್ರಿ ಕಾಕಾ.”

“ನಂದ ಆತು, ನೀ ಉಣ್ಣಪಾ,” ಎಂದ ಅಮಸಿದ್ದಪ್ಪ, ಕೋಲು ಬದಿಗಿಟ್ಟು ಅವನೆದುರು ಕುಳಿತ. ಮುತ್ತಣ್ಣನ ಊಟ ಮುಗಿಯುವವರೆಗೂ ಏಳಲಿಲ್ಲ.