ಪಚ್ಚ ಅಂದರೆ ಯಾವ ಬಣ್ಣ?

ಭಂಕೂರಿನ ಅಂಗನವಾಡಿಯ ಗುರುಲಿಂಗಮ್ಮನಿಗೆ ಬಾಯಿ ಜೋರು. ಗಂಡ ಸಂಗಮೇಶ್ವರ ತೀರಿಹೋಗಿ ಎರಡು ವರ್ಷ. ಅವನಿದ್ದಾಗ ಜಗಳ ಮನೆಯಲ್ಲೇ ಮುಗಿಯುತ್ತಿತ್ತು. ಈಗ ಉಳಿದ ಮಾತೆಲ್ಲ ಮಕ್ಕಳ ಪಾಲು. ಮಕ್ಕಳೇನು ಕಡಿಮೆಯಲ್ಲ.

ಬಣ್ಣ ಕಲಿಸಲು ಅವಳಿಗೆ ಪಟ ಬೇಕಿಲ್ಲ. ನೆಲಕ್ಕೆ ಹಾಸಿದ ಪರ್ಸಿಗಲ್ಲಿನ ಮೇಲೆ ಟೊಮೆಟೊ, ಬದನೆಕಾಯಿ, ಅರಿಶಿಣದ ಕೊಂಬು, ಕರಿಬೇವಿನ ಎಲೆ ಇಡುತ್ತಾಳೆ. ಬಣ್ಣ ಕೂಗಿದೊಡನೆ ಓಡಿ ಮುಟ್ಟಬೇಕು. ತಪ್ಪಿದವರು ಔಟ್, ಗೋಡೆಗೆ ನಿಲ್ಲಬೇಕು.

ಈ ಜೂನ್‌ನಲ್ಲಿ ಶ್ರಾವಣಿ ಬಂದಳು. ನಾಲ್ಕು ವರ್ಷದವಳು. ಅಪ್ಪ ಕುಂಚಾವರಂ ಕಡೆಯಿಂದ ಕಲ್ಲಿನ ಗಣಿ ಕೆಲಸಕ್ಕೆ ಬಂದವನು. ಮನೆಮಾತು ತೆಲುಗು.

ಗುರುಲಿಂಗಮ್ಮ ಅರಿಶಿಣದ ಕೊಂಬು ಎತ್ತಿ ಹಿಡಿದಳು. “ಇದ್ಯಾವ ಬಣ್ಣ?”

“ಪಚ್ಚ,” ಎಂದಳು ಶ್ರಾವಣಿ.

“ಹಂಗಾರ ಈ ಎಲಿ?”

“ಪಚ್ಚ.”

“ಅಯ್ಯ ನಮ್ಮವ್ವ! ಅರಿಶಿಣಾನೂ ಹಸರೇ, ಎಲೀನೂ ಹಸರೇ! ನಾಳಿ ನನ್ನ ಮಾರೀನೂ ಹಸರು ಅಂತಿ.”

ಮಕ್ಕಳು ಬಿದ್ದು ಬಿದ್ದು ನಕ್ಕರು. ಶ್ರಾವಣಿ ನಗಲಿಲ್ಲ. ಹೋಗಿ ಗೋಡೆಗೆ ನಿಂತಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಗುರುಲಿಂಗಮ್ಮನಿಗೆ ಅನ್ನ ಸೇರಲಿಲ್ಲ. ಹಾಳು ಬಾಯಿ, ಒಂದು ಕೂಸನ್ನು ಓಡಿಸಿತು. ಸಂಜೆ ಅವರ ಮನೆಗೇ ಹೋದಳು. ಅಜ್ಜಿ ಯಾದಮ್ಮ ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮಗು ಅವಳ ಬೆನ್ನಿಗಂಟಿಕೊಂಡಿತ್ತು.

“ಕೂಸಿಗಿ ಯಾಕ ಕಳಸವಲ್ರಿ?”

“ಬರಂಗಿಲ್ಲ ಅಂತಾಳ, ಟೀಚರಮ್ಮ. ತಪ್ಪಿಲ್ಲದ ಔಟ್ ಮಾಡೀರಂತ.”

“ಅರಿಶಿಣಕ್ಕ ಪಚ್ಚ ಅಂದ್ರ ತಪ್ಪಲ್ಲೇನು?”

ಯಾದಮ್ಮ ಮೊರ ಕೆಳಗಿಟ್ಟಳು. “ಅರಿಶಿಣದ್ದು ಪಸುಪು ಪಚ್ಚ. ಎಲೀದು ಆಕು ಪಚ್ಚ. ನಮ್ಮ ಮಾತಿನಾಗ ಎರಡೂ ಪಚ್ಚನೇ. ಇಷ್ಟೂ ಗೊತ್ತಿಲ್ಲೇನು? ಎಷ್ಟನೇತ್ತ ಕಲ್ತೀರಿ?”

“ಹತ್ತನೇತ್ತ. ಎರಡು ಸಲ ಕುಂತು ಪಾಸಾಗೀನಿ.”

“ಇನ್ನೊಂದು ಸಲ ಕುಂದ್ರಿ.”

ಗುರುಲಿಂಗಮ್ಮ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. “ನಂದೇ ತಪ್ಪವ್ವ. ನಾಳಿ ಬರ್ತಿಯೇನು?”

ಶ್ರಾವಣಿ ಅಜ್ಜಿಯ ಕಿವಿಯಲ್ಲಿ ಏನೋ ಊದಿದಳು.

“ಬಣ್ಣ ತಾನೇ ಕೂಗ್ತಾಳಂತ. ನೀವು ಓಡಬೇಕಂತ,” ಎಂದಳು ಯಾದಮ್ಮ.

“ನಾನಾ? ಈ ಮೊಣಕಾಲಾಗ?”

“ಹಂಗಾರ ಬರಂಗಿಲ್ಲಂತ.”

“ಓಡ್ತೀನಿ ಬಿಡ್ರಿ.”

ಮರುದಿನ ಶ್ರಾವಣಿ ನಡುವೆ ನಿಂತು “ಪಚ್ಚ!” ಎಂದು ಕೂಗಿದಳು. ಗುರುಲಿಂಗಮ್ಮ ಸೆರಗು ಸಿಕ್ಕಿಸಿ ಓಡಿ ಅರಿಶಿಣ ಮುಟ್ಟಿದಳು.

“ಆಕು ಪಚ್ಚ,” ಎಂದಳು ಶ್ರಾವಣಿ.

“ಅಕ್ಕೋರು ಔಟ್!” ಮಕ್ಕಳ ನಡುವಿದ್ದ ಪುಟಾಣಿ ಮಶಾಕ ಕುಣಿದ.

“ಏ, ಇದು ಮೋಸ! ಮೊದಲ ಬರೇ ಪಚ್ಚ ಅಂದಿ!”

ಶ್ರಾವಣಿ ಬೆರಳು ಚಾಚಿ ಗೋಡೆ ತೋರಿಸಿದಳು.

ಒಲೆಯ ಮೇಲಿಟ್ಟಿದ್ದ ಮಕ್ಕಳ ಉಪ್ಪಿಟ್ಟು ತಳ ಹತ್ತಿತು. ಶ್ರಾವಣಿ ನಕ್ಕು ಕೈಬೀಸಿ ಕರೆಯುವ ತನಕ ಗುರುಲಿಂಗಮ್ಮ ಗೋಡೆ ಬಿಡಲಿಲ್ಲ.