ಕಲ್ಲಿದ್ದಲು ಬಿಟ್ಟ ಬಾಯ್ಲರ್

ಲೋಕಯ್ಯ ಸುಳ್ಳು ಬರೆಯುತ್ತಾರೆ ಎಂದು ಹೋದ ವರ್ಷ ಯಾರಾದರೂ ನನಗೆ ಹೇಳಿದ್ದರೆ ಅವರ ಬಾಯಿಗೆ ಸೋಪಿನ ಪುಡಿ ಹಾಕಿ ತೊಳೆಯುತ್ತಿದ್ದೆ. ನಮ್ಮಲ್ಲಿ ಸೋಪಿನ ಪುಡಿಗೆ ಬರವಿಲ್ಲ. ಮಂಗಳೂರಿನ ಬೈಕಂಪಾಡಿಯ ನಮ್ಮ ಲಾಂಡ್ರಿಗೆ ಊರಿನ ಹನ್ನೊಂದು ಆಸ್ಪತ್ರೆಗಳ ಚಾದರ, ಹೊದಿಕೆ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ ಎಲ್ಲ ಬಂದು ಬೀಳುತ್ತವೆ. ನಾನು ವಿನಿಫ್ರೆಡ್, ಅಲ್ಲಿ ಆಫೀಸು ನೋಡಿಕೊಳ್ಳುವವಳು. ಲೋಕಯ್ಯ ಇಪ್ಪತ್ತೊಂಬತ್ತು ವರ್ಷಗಳಿಂದ ಬಾಯ್ಲರ್ ನೋಡಿಕೊಳ್ಳುತ್ತಿರುವವರು.

ಅವರ ಮನೆ ಕೂಳೂರಿನಲ್ಲಿ. ಬೆಳಗಿನ ಐದಕ್ಕೆ ಸೈಕಲ್ ತುಳಿದು ಸೇತುವೆ ದಾಟಿ ಬರುತ್ತಾರೆ. ಅಪ್ಪನ ಕಾಲದಲ್ಲಿ ಗದ್ದೆಯಿತ್ತಂತೆ, ಈಗ ಅಲ್ಲಿ ಲಾರಿಗಳು ನಿಲ್ಲುತ್ತವೆ. ಓದಿದ್ದು ಏಳನೆಯ ತರಗತಿ. ಬಾಯ್ಲರ್ ನಡೆಸುವ ಸರ್ಟಿಫಿಕೇಟಿಗೆ ಮೂರು ಸಲ ಪರೀಕ್ಷೆಗೆ ಕೂತು ಪಾಸಾಗಿ, ಅದಕ್ಕೆ ಕಟ್ಟು ಹಾಕಿಸಿ ಮನೆಯಲ್ಲಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದಾರೆ. ಕೆಲಸಕ್ಕೆ ಬಂದ ಕೂಡಲೇ ಬಾಯ್ಲರಿನ ಒಲೆಯ ಬಾಗಿಲು ಮುಟ್ಟಿ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತಾರೆ, ಆಮೇಲೆ ಬೆಂಕಿ. ಬೆಂಕಿಯ ಸದ್ದು ಕೇಳಿಯೇ ಒಳಗೆ ಏನು ಉರಿಯುತ್ತಿದೆ ಎಂದು ಹೇಳಬಲ್ಲರು. ಇಂಥ ಮನುಷ್ಯ ಸುಳ್ಳು ಹೇಳುತ್ತಾರೆ ಎಂದು ಯಾರು ತಾನೆ ಯೋಚಿಸುತ್ತಾರೆ?

ನಮ್ಮ ಮಾಲೀಕ ಯೂಸ್ಟೇಸ್ ಸರ್ ಮೂರು ವರ್ಷದ ಹಿಂದೆ ದಿಲ್ಲಿಯ ಯಾವುದೋ ಉದ್ಯಮಿಗಳ ಸಮ್ಮೇಳನಕ್ಕೆ ಹೋಗಿ ಬೇರೆಯೇ ಮನುಷ್ಯನಾಗಿ ಬಂದರು. ಬಂದ ಮರುದಿನವೇ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, "ಊರಿನ ಗಾಳಿ ಕಪ್ಪು ಮಾಡಿ ಚಾದರ ಬಿಳಿ ಮಾಡುವುದು ಎಂತ ಬಿಳಿ? ಇನ್ನು ಇಲ್ಲಿ ಕಲ್ಲಿದ್ದಲು ಬೇಡ," ಎಂದರು. ಲಾಂಡ್ರಿಯ ಮಾಡಿನ ಮೇಲೆ, ಅಂದರೆ ಛಾವಣಿಯ ಮೇಲೆ, ಬಿಸಿಲಿನಲ್ಲಿ ನೀರು ಕಾಯಿಸುವ ಕೊಳವೆಗಳು ಬಂದವು. ಬಾಯ್ಲರಿಗೆ ಮರದ ಹುಡಿ ಒತ್ತಿ ಮಾಡಿದ ಬ್ರಿಕೆಟ್ ಬಂತು. ಸರ್ ಉದ್ಯಮಿಗಳ ಸಂಘದ ಹವಾಮಾನ ಸಮಿತಿಗೆ ಅಧ್ಯಕ್ಷರೂ ಆದರು. ಸಣ್ಣ ಬಾಯ್ಲರ್ ಇರುವ ಎಲ್ಲರೂ ಕಲ್ಲಿದ್ದಲು ಬಿಡುವಂತೆ ಸರಕಾರವೇ ನಿಯಮ ಮಾಡಬೇಕು, ಉದ್ಯಮಿಗಳೇ ಮುಂದೆ ನಿಂತು ಅದನ್ನು ಕೇಳಬೇಕು ಎಂಬುದು ಅವರ ಹಟ. ನಿಯಮ ಬೇಡ ಎಂದು ಅರ್ಜಿ ಹಿಡಿದು ಓಡಾಡುವ ಉದ್ಯಮಿಗಳನ್ನೇ ನೋಡಿದ್ದ ನನಗೆ ಇದು ಮೊದಲು ವಿಚಿತ್ರವಾಗಿ ಕಂಡಿತ್ತು.

ಗಂಟೆಗೊಮ್ಮೆ ಒಲೆಗೆ ಎಷ್ಟು ಹಾಕಿದೆ, ಸ್ಟೀಮ್ ಎಷ್ಟು ಏರಿತು ಎಂದು ಲೋಕಯ್ಯ ಒಂದು ಪುಸ್ತಕದಲ್ಲಿ ಬರೆಯುತ್ತಾರೆ. ಅದನ್ನು ಕಂಪ್ಯೂಟರಿಗೆ ಹಾಕಿ ಆ ಅಂಕಿಗಳಿಂದ ಸರ್ ಅವರ ಭಾಷಣ ಬರೆದುಕೊಡುವುದು ನನ್ನ ಕೆಲಸ. "ಮೂರು ಮಳೆಗಾಲ, ಒಂದು ಕಿಲೋ ಕಲ್ಲಿದ್ದಲೂ ಇಲ್ಲ" ಎಂಬ ವಾಕ್ಯವನ್ನು ನಾನೇ ಬರೆದುಕೊಟ್ಟದ್ದು. ಅದಕ್ಕೆ ಎಲ್ಲ ಕಡೆ ಚಪ್ಪಾಳೆ. ದೂರದೂರದಿಂದ ಜನ ಬಂದು ಲೋಕಯ್ಯನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಎದುರಿನ ಮೀನಿನ ಕಾರ್ಖಾನೆಯ ಬಾಯ್ಲರ್ ಅಲಿಯಬ್ಬನದ್ದು. ಲೋಕಯ್ಯನ ಜೊತೆ ದಿನಾ ಚಾ ಕುಡಿಯುವವ. ನಮ್ಮನ್ನು ನೋಡಿ ಅವನ ಮಾಲೀಕರೂ ಬ್ರಿಕೆಟ್ ತರಿಸಿದ್ದರು. ಆದರೆ ಮಳೆ ಹಿಡಿದರೆ ಅಲ್ಲಿ ಸ್ಟೀಮ್ ಏರುವುದೇ ಇಲ್ಲ, ಮೀನು ಬೇಯುವುದಿಲ್ಲ, ದಿನಾ ಬೈಗುಳ.

"ಅದೇ ಮಳೆ, ಅದೇ ಬ್ರಿಕೆಟ್. ಲೋಕಯ್ಯನಿಗೆ ಆಗ್ತದೆ, ನಿನಗೆ ಯಾಕೆ ಆಗುವುದಿಲ್ಲ ಅಂತ ಕೇಳ್ತಾರೆ," ಎಂದು ಅಲಿಯಬ್ಬ ಒಂದು ದಿನ ನನ್ನ ಎದುರೇ ಹೇಳಿದ. "ನೀವು ಎಂತ ಮಾಡುವುದು ಮಾರಾಯ್ರೆ? ನನಗೂ ಸ್ವಲ್ಪ ಹೇಳಿಕೊಡಿ. ಕೆಲಸ ಹೋಗ್ತದೆ ನನ್ನದು."

ಲೋಕಯ್ಯ ಚಾದ ಗ್ಲಾಸು ನೋಡುತ್ತಾ ಕೂತರು. ಎಷ್ಟು ವಿನಯ ಈ ಮನುಷ್ಯನಿಗೆ, ಎಂದುಕೊಂಡೆ ನಾನು. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಆಗಸ್ಟಿನಲ್ಲಿ ಈ ನಿಯಮದ ವಿಚಾರಕ್ಕೆ ಬೆಂಗಳೂರಿನಿಂದ ಸರಕಾರಿ ಅಧಿಕಾರಿಗಳ ತಂಡ ಬಂತು. ಕದ್ರಿಯ ಒಂದು ಹೋಟೆಲಿನ ಹಾಲಿನಲ್ಲಿ ಸಭೆ. ಲೋಕಯ್ಯನಿಗೆ ಅಲ್ಲಿ ಶಾಲು ಹೊದಿಸಿ ಸನ್ಮಾನ ಮಾಡುವುದೆಂದು ತೀರ್ಮಾನವಾಗಿತ್ತು. ನಮ್ಮಲ್ಲೇ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದರು. ಆಚೆಗೆ ನಮ್ಮ ಮ್ಯಾನೇಜರ್ ದೀಪೇಶ್. ಯೂಸ್ಟೇಸ್ ಸರ್ ನಾನು ಬರೆದ ಅಂಕಿಗಳನ್ನು ಓದಿ, "ದಿನಕ್ಕೆ ಸಾವಿರಾರು ಚಾದರ ಒಗೆಯುವ ಲಾಂಡ್ರಿಗೆ ಮಂಗಳೂರಿನ ಮಳೆಯಲ್ಲಿ ಇದು ಸಾಧ್ಯವಾದರೆ ಯಾರಿಗೂ ಸಾಧ್ಯ," ಎಂದರು.

ಮೀನಿನ ಕಾರ್ಖಾನೆಯ ಮಾಲೀಕರು ಎದ್ದು ತಂಡದ ಹಿರಿಯ ಅಧಿಕಾರಿಯ ಕಡೆ ತಿರುಗಿದರು. "ನಾನೂ ಒಪ್ಪುತ್ತೇನೆ ಮೇಡಂ. ನಮ್ಮಲ್ಲಿ ದೋಷ ಬ್ರಿಕೆಟಿನದ್ದಲ್ಲ, ಜನದ್ದು. ಬಾಯ್ಲರಿನವನನ್ನು ಈ ತಿಂಗಳ ಕೊನೆಗೆ ತೆಗೀತೇನೆ."

ಆಕೆ ತಲೆಯಾಡಿಸಿ, ಹಾಗಾದರೆ ಬರುವ ಜೂನಿನಿಂದ ಇಡೀ ಕರಾವಳಿಗೆ ನಿಯಮ ತರಲು ಇದೇ ಅಂಕಿಗಳನ್ನು ಆಧಾರವಾಗಿ ಇಟ್ಟುಕೊಳ್ಳುತ್ತೇವೆ ಎಂದರು.

ಲೋಕಯ್ಯ ನನ್ನ ಕಡೆ ಬಗ್ಗಿದರು. "ಬಾಯಮ್ಮ, ಇದು ನಿಜವಾಗಿ ಕಾನೂನು ಆಗ್ತದಾ?"

"ಆಗ್ತದೆ, ಮತ್ತೆಂತ?"

"ಅಂದ್ರೆ ಅಲಿಯಬ್ಬನನ್ನು ನಿಜವಾಗಿ ತೆಗೀತಾರಾ?"

ಸನ್ಮಾನದ ಹೆದರಿಕೆಗೆ ಏನೋ ಬಡಬಡಿಸುತ್ತಿದ್ದಾರೆ ಎಂದುಕೊಂಡು ಸುಮ್ಮನೆ ಕೂರಲು ಕೈಸನ್ನೆ ಮಾಡಿದೆ. ಅವರು ಕೂರಲಿಲ್ಲ. ಎದ್ದು ನಿಂತರು. ಮೈಕು ಬೇಡವಾಯಿತು. ಬಾಯ್ಲರಿನ ಸದ್ದಿನಲ್ಲಿ ಮಾತಾಡಿ ಅಭ್ಯಾಸವಾದ ಗಂಟಲು ಅದು.

"ಅಲಿಯಬ್ಬನದ್ದು ತಪ್ಪಿಲ್ಲ. ಅವ ಪುಸ್ತಕ ಸರಿಯಾಗಿ ಬರೀತಾನೆ. ನಾನು ಮಳೆಗಾಲದಲ್ಲಿ ಕಲ್ಲಿದ್ದಲು ಹಾಕ್ತೇನೆ. ಮೂರು ಬುಟ್ಟಿ ಬ್ರಿಕೆಟಿಗೆ ಒಂದು ಬುಟ್ಟಿ. ಪುಸ್ತಕದಲ್ಲಿ ಬರೆಯುವುದಿಲ್ಲ."

ದೀಪೇಶನ ಮುಖ ನೋಡಿದೆ, ಅದು ಸುಣ್ಣದಂತೆ ಬಿಳುಚಿಕೊಂಡಿತ್ತು. ಅವನಿಗೂ ಗೊತ್ತಿತ್ತು! ಕಲ್ಲಿದ್ದಲು ನಮ್ಮ ಗೇಟಿನ ಒಳಗೆ ಬಂದದ್ದಾದರೂ ಹೇಗೆ ಎಂದು ಯೋಚಿಸಿದವಳಿಗೆ ಮತ್ತೊಂದು ಪೆಟ್ಟು ಬಿತ್ತು. ಬಾಯ್ಲರಿನ ನೀರಿನ ಗಡಸು ತೆಗೆಯುವ ಉಪ್ಪಿನ ಚೀಲಗಳಲ್ಲಿ. ಮಳೆಗಾಲದಲ್ಲಿ ಉಪ್ಪು ಜಾಸ್ತಿ ಬೇಕು ಮೇಡಂ ಎಂದು ದೀಪೇಶ್ ಹೇಳಿದ್ದ. ಚೀಲ ಬಿಚ್ಚಿ ನೋಡದೆ ಗೇಟ್ ಪಾಸಿಗೆ ಸಹಿ ಹಾಕುತ್ತಿದ್ದವಳು ನಾನು.

ಯೂಸ್ಟೇಸ್ ಸರ್ ವೇದಿಕೆಯ ಮೇಲೆ ಮೈಕು ಹಿಡಿದೇ ನಿಂತಿದ್ದರು. ಕಿರುಚುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಇಷ್ಟೇ. "ಬ್ರಿಕೆಟ್ ಒಣ ಇದ್ದರೆ ಕಲ್ಲಿದ್ದಲು ಬೇಕಾ?"

"ಬೇಡವೇ ಬೇಡ. ಒದ್ದೆಯಾದ್ರೆ ಅದು ಉಬ್ಬಿ ಹುಡಿಯಾಗ್ತದೆ. ಟರ್ಪಾಲಿನಲ್ಲಿ ನಮ್ಮ ಮಳೆ ನಿಲ್ತದಾ? ಅದಕ್ಕೆ ಸರಿಯಾದ ಮಾಡು ಬೇಕು, ನೆಲದಿಂದ ಎತ್ತರ ಬೇಕು. ಮೊದಲ ವರ್ಷವೇ ದೀಪೇಶನ ಹತ್ತಿರ ಹೇಳಿದ್ದೆ."

ಸರ್ ಅಧಿಕಾರಿಗಳ ಕಡೆ ತಿರುಗಿದರು. "ನಾನು ಕೊಟ್ಟ ಅಂಕಿ ಸುಳ್ಳು. ಅದನ್ನು ತೆಗೆಯಿರಿ. ಈಗ ಅವರು ಹೇಳಿದ್ದನ್ನು ಬರೆದುಕೊಳ್ಳಿ. ಕಾನೂನು ಬೇಡ ಅಂತ ನಾನು ಹೇಳುವುದಿಲ್ಲ, ಅದರಲ್ಲಿ ಮೊದಲು ಬ್ರಿಕೆಟ್ ಇಡಲು ಮಾಡು ಬೇಕು ಅಂತ ಬರಲಿ." ಮತ್ತೆ ಮೀನಿನ ಕಾರ್ಖಾನೆಯವರಿಗೆ, "ನಿಮ್ಮ ಬಾಯ್ಲರಿನವರನ್ನು ತೆಗೆಯಬೇಡಿ. ಇಷ್ಟು ಜನರಲ್ಲಿ ನಿಜ ಬರೆದದ್ದು ಅವರು ಒಬ್ಬರೇ," ಎಂದರು. ಆ ಮನುಷ್ಯ ನಾಚಿಕೆಯಿಂದಲೋ ಸಿಟ್ಟಿನಿಂದಲೋ ಕೆಂಪಾಗಿ, ಇಲ್ಲ ಇಲ್ಲ, ತೆಗೆಯುವುದಿಲ್ಲ ಎಂದು ಎಲ್ಲರ ಎದುರು ಒಪ್ಪಿಕೊಂಡರು. ಶಾಲು ಮೇಜಿನ ಮೇಲೆಯೇ ಉಳಿಯಿತು.

ಸಭೆ ಮುಗಿದ ಮೇಲೆ ಹೋಟೆಲಿನ ಎದುರಿನ ಮೆಟ್ಟಿಲಿನ ಹತ್ತಿರ ಸರ್ ಲೋಕಯ್ಯನನ್ನು ಹಿಡಿದು ನಿಲ್ಲಿಸಿದರು. ಈಗ ನಿಜವಾದ ಸಿಟ್ಟು ಬಂದಿತ್ತು.

"ಯಾಕೆ ಲೋಕಯ್ಯ? ನನಗೆ ಯಾಕೆ ಹೀಗೆ ಮಾಡಿದಿರಿ?"

ಲೋಕಯ್ಯನಿಗೆ ಪ್ರಶ್ನೆಯೇ ಅರ್ಥವಾಗದ ಹಾಗೆ ಕಂಡಿತು. "ನಿಮಗೋಸ್ಕರ ಮಾಡಿದ್ದಲ್ಲವಾ ಪೊರ್ಬುಗಳೇ?" ಎಂದರು. ತುಳುವರು ನಮ್ಮ ಕ್ರಿಸ್ತುವರ ಗಂಡಸರನ್ನು ಗೌರವದಿಂದ ಕರೆಯುವುದು ಹಾಗೆ, ಹೆಂಗಸರನ್ನು ಬಾಯಮ್ಮ ಎಂದು. "ಚಾದರ ಹೊತ್ತಿಗೆ ಹೋಗದಿದ್ರೆ ಆಸ್ಪತ್ರೆಯವರು ಬಿಡ್ತಾರಾ? ಕಲ್ಲಿದ್ದಲು ಅಂತ ಬರೆದ್ರೆ ಸಭೆಯಲ್ಲಿ ನಿಮ್ಮ ಮರ್ಯಾದೆ ಎಂತ ಆಗ್ಬೇಕು? ಗೇಟಿನಲ್ಲಿ ಪ್ಲಾಸ್ಟಿಕ್ ಬೇಡ ಅಂತ ಬೋರ್ಡು ಉಂಟು, ಆ ಬೋರ್ಡೇ ಪ್ಲಾಸ್ಟಿಕ್. ಇನ್‌ಸ್ಪೆಕ್ಟರ್ ಬರುವ ದಿನ ಹೆಲ್ಮೆಟ್ ಕೊಡ್ತಾರೆ, ಸಂಜೆ ವಾಪಸ್ ತಗೊಳ್ತಾರೆ. ಇಪ್ಪತ್ತೊಂಬತ್ತು ವರ್ಷ ನಾನು ಇದನ್ನೇ ನೋಡಿದ್ದು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ. ನೀವು ಹೇಳುವುದು ನಿಜಕ್ಕೇ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

ಸರ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ದೊಡ್ಡ ದೊಡ್ಡವರ ಎದುರು ಸೋಲದ ಮನುಷ್ಯ, ಒದ್ದೆ ಮೆಟ್ಟಿಲ ಮೇಲೆ ಕೋಟು ಸಮೇತ ಕೂತರು. ನನ್ನ ಕಡೆ ನೋಡಿ ಕೊಂಕಣಿಯಲ್ಲಿ ಕೇಳಿದರು, "ವಿನಿಫ್ರೆಡ್, ನಿಮಗೂ ಹಾಗೇ ಅನಿಸಿತ್ತಾ?"

ಇಲ್ಲ ಸರ್ ಎನ್ನಲು ಬಾಯಿ ತೆರೆದೆ. ಮೂರು ವರ್ಷ ಅವರ ಭಾಷಣ ಬರೆದವಳು ನಾನು. ಒಳ್ಳೆಯ ಭಾಷಣ ಎಂದುಕೊಂಡಿದ್ದೆ, ಅಷ್ಟೇ. ಅದರಾಚೆಗೆ ಒಂದು ದಿನವೂ ಯೋಚಿಸಿರಲಿಲ್ಲ ಎಂದು ಆಗಲೇ ನನಗೆ ಗೊತ್ತಾದದ್ದು. ಹೌದು ಸರ್ ಎಂದೆ.

ಸರ್ ಎದ್ದು ಕೋಟು ಕೊಡವಿ ಲೋಕಯ್ಯನಿಗೆ ಹೇಳಿದರು. "ನಾಳೆ ಬೆಳಿಗ್ಗೆ ಐದಕ್ಕೆ ನಾನು ಬರ್ತೇನೆ. ಮಾಡು ಆಗುವವರೆಗೆ ದಿನಾ ಬರ್ತೇನೆ. ನೀವು ಒಲೆಗೆ ಏನೆಲ್ಲ ಹಾಕ್ತೀರೋ ನಾನೇ ಬರೀತೇನೆ. ಚಾದರ ತಡವಾದರೆ ಆಸ್ಪತ್ರೆಗೆ ನಾನೇ ಹೇಳ್ತೇನೆ."

"ಇದು ನಿಜಕ್ಕಾ ಪೊರ್ಬುಗಳೇ?" ಎಂದು ಲೋಕಯ್ಯ ಕೇಳಿದರು. ಆ ಸ್ವರದಲ್ಲಿ ಕುಚೋದ್ಯ ಇರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು.