ಪಡುಗಡೆ ಕಿಟಕಿಯ ಪರದೆ

ಮರವಂತೆಯ ಗಿರಿಜಕ್ಕ ಆ ಬೇಸಿಗೆಯಲ್ಲಿ ಕಿಟಕಿಗೆ ಪರದೆ ಹೊಲಿಯಲು ಕುಳಿತದ್ದು ಕಂಡು ನೆರೆಕರೆಯವರು ನಕ್ಕರು. ಗಂಡ ತೀರಿ ಎಂಟು ವರ್ಷ, ಮನೆಯಲ್ಲಿ ತಾಯಿ ಮಗಳು ಇಬ್ಬರೇ, ಇವಳಿಗೇಕೆ ಬಂಗಲೆಯವರ ಶೋಕಿ ಎಂದರು. ನಗುವವರಿಗೇನು, ಅವರ ಮನೆಗಳು ರಸ್ತೆಯಾಚೆ ಹೊಳೆಯ ಬದಿಗಿದ್ದವು. ಗಿರಿಜಕ್ಕನದು ಕಡಲ ಬದಿ. ಅವಳು ಚಿಕ್ಕವಳಿದ್ದಾಗ ಹಿತ್ತಿಲಿನಿಂದ ನೀರಿಗಿಳಿಯಲು ಐದು ಸಾಲು ತೆಂಗು ದಾಟಬೇಕಿತ್ತು. ಈಗ ಉಳಿದದ್ದು ಒಂದೇ ಸಾಲು, ಅದೂ ಬೇರು ಬಿಟ್ಟುಕೊಂಡು ವಾಲಿತ್ತು. ಹೋದ ಮಳೆಗಾಲದಲ್ಲಿ ಕೊಟ್ಟಿಗೆ ಕಡಲ ಪಾಲಾಯಿತು. ಈ ಸಲ ಮನೆಯ ಸರದಿ ಎಂದು ಅವಳಿಗೆ ಗೊತ್ತಿತ್ತು. ಅಷ್ಟರೊಳಗೆ ಮಗಳು ಪ್ರಫುಲ್ಲಾಳನ್ನು ಇಲ್ಲಿಂದ ದಾಟಿಸಬೇಕು, ಅದೊಂದೇ ಅವಳ ಹಟ.

ಬಿಜೂರಿನ ಭೋಜರಾಜನ ಸಂಬಂಧ ಬಂದಿತ್ತು. ಬೊಂಬಾಯಿ ಹೋಟೆಲಿನಲ್ಲಿ ಕೆಲಸ, ಮದುವೆಯಾದ ವಾರಕ್ಕೇ ಹೆಂಡತಿಯನ್ನು ಕರೆದೊಯ್ಯುತ್ತಾನಂತೆ. ಗಿರಿಜಕ್ಕನಿಗೆ ಅಷ್ಟೇ ಸಾಕಿತ್ತು. ಆದರೆ ಇವರಲ್ಲಿ ತಾಯಿಯ ಮನೆ ಮಗಳಿಗೆ ಸೇರುವುದು. ನೋಡಲು ಬರುವವರು ಹೆಣ್ಣಿಗಿಂತ ಮೊದಲು ಮನೆ ನೋಡುತ್ತಾರೆ. ಕಡಲು ನುಂಗುವ ಮನೆಯ ಹೆಣ್ಣು ಯಾರಿಗೆ ಬೇಕು?

ಪಡುಗಡೆ ಕಿಟಕಿಯಲ್ಲಿ ಕಡಲು ಕಾಣದಂತೆ ಮುಚ್ಚಬೇಕು, ಹೊಸ ಬಟ್ಟೆಗೆ ದುಡ್ಡಿರಲಿಲ್ಲ. ನಾಲ್ಕು ಹಳೆಯ ಸೀರೆ ತೆಗೆದಳು, ಒಂದೊಂದು ಒಂದೊಂದು ಬಣ್ಣ. ನೆರೆಯ ಮೀನುಗಾರರ ಹೆಂಗಸು ಪದ್ದು ಬಲೆ ಗಟ್ಟಿಯಾಗಲೆಂದು ಮರದ ತೊಗಟೆ ಕುದಿಸುವ ಹಂಡೆಯಲ್ಲಿ ಅವನ್ನೂ ಅದ್ದಿಸಿದಳು. ನಾಲ್ಕೂ ಒಂದೇ ಕೆಂಗಂದು ಬಣ್ಣಕ್ಕೆ ತಿರುಗಿದವು. ಜರಿಯಂಚು ಬಿಚ್ಚಿ ಮೇಲೆ ನೆರಿಗೆ ಕೊಟ್ಟಳು. ಬಿದಿರ ಕೋಲಿಗೆ ಮಗಳ ಹಳೆಯ ಪ್ಲಾಸ್ಟಿಕ್ ಬಳೆಗಳೇ ಉಂಗುರ. ನೆಲ ಮುಟ್ಟುವ ಅಂಚಿನೊಳಗೆ ಬಲೆಗೆ ಕಟ್ಟುವ ಸೀಸದ ತುಂಡು ಸೇರಿಸಿ ಹೊಲಿದಳು.

"ಗಾಳಿ ಬಂದ್ರೂ ಹಾರುದಿಲ್ಲ, ಕಾಣಿ," ಎಂದಳು ಪದ್ದು. ಆಮೇಲೆ ದನಿ ತಗ್ಗಿಸಿ, "ಆರೆ ಅಕ್ಕ, ಎಷ್ಟ್ ದಿನ ಮುಚ್ಚಿಡುದ್?" ಎಂದಳು.

"ಒಂದ್ ಮಧ್ಯಾಹ್ನ ಸಾಕ್," ಎಂದಳು ಗಿರಿಜಕ್ಕ.

ಹುಡುಗನ ಸೋದರಮಾವ ಮಂಜಯ್ಯ ಮೇ ಮೊದಲ ವಾರ ಬಂದರು. ಗದ್ದೆಯ ಊರಿನವರು, ಕಡಲ ಸದ್ದಿನ ದೂರ ಹತ್ತಿರ ಅವರಿಗೆ ತಿಳಿಯದು. ಹಿತ್ತಿಲ ಬಾಗಿಲಿಗೆ ಕೈ ಹಾಕಿದಾಗ ಗಿರಿಜಕ್ಕ, "ಬ್ಯಾಡ ಶೆಟ್ರೆ, ಹಾಯುವ ದನ ಇತ್ತ್," ಎಂದಳು. ಆ ದನ ಮಾರಿ ವರ್ಷವಾಗಿತ್ತು. ಅವರು ಪರದೆಯ ಪಕ್ಕ ಕುಳಿತು ಪಾನಕ ಕುಡಿದರು, ನೆರಿಗೆ ಸವರಿದರು, ತಲೆದೂಗಿದರು.

"ಚಂದ ಮನಿ, ತಂಪಿತ್ತ್. ಒಂದ್ ಮಾತ್ ಗಿರ್ಜಕ್ಕ. ಬೊಂಬಾಯಲ್ಲಿ ಅವಂದ್ ಒಂದೇ ಖೋಲಿ, ಅದ್ರಲ್ಲ್ ಆರ್ ಜನ. ಇಂಥಾ ಮನಿ ಇಪ್ಪಾಗ ಹೆಣ್ಣನ್ನ ಅಲ್ಲಿಗ್ ಕರ್ಕಂಡ್ ಹೋಪ್ದ್ ಎಂತಕ್ಕೆ? ಮಳಿಗಾಲ ಇಲ್ಲೇ ಇರ್ಲಿ. ದೀಪಾವಳಿಗೆ ಅವ ಬತ್ತ."

ಗಿರಿಜಕ್ಕನ ಕೈ ತಾನಾಗಿ ಪರದೆಯ ಅಂಚಿಗೆ ಹೋಯಿತು. ಸರಿಸಿದರೆ ನಿಜ ಕಾಣುತ್ತಿತ್ತು, ಸಂಬಂಧ ಅಲ್ಲಿಗೇ ಮುಗಿಯುತ್ತಿತ್ತು. ಮೊದಲು ಮದುವೆಯಾಗಲಿ, ಆಮೇಲೆ ಹುಡುಗನನ್ನೇ ಒಪ್ಪಿಸಿದರಾಯಿತು ಎಂದುಕೊಂಡಳು.

"ನೀವ್ ಹೇಳ್ದಂಗೇ ಆಯ್ಲಿ," ಎಂದಳು.

ಮದುವೆ ಬಿಜೂರಿನಲ್ಲಾಯಿತು. ಧಾರೆಯ ಗಲಾಟೆಯಲ್ಲಿ ಅಳಿಯನೊಡನೆ ಎರಡು ಮಾತಾಡಲೂ ಆಗಲಿಲ್ಲ. ವಾರದಲ್ಲೇ ಅವನು ಒಬ್ಬನೇ ಬೊಂಬಾಯಿಗೆ ಹೊರಟ. ಮರುದಿನ ಮಂಜಯ್ಯನವರು ಪ್ರಫುಲ್ಲಾಳನ್ನು ಟ್ರಂಕಿನ ಸಮೇತ ತಂದು ಬಿಟ್ಟು, ಜಗಲಿಯಲ್ಲೇ ಮಜ್ಜಿಗೆ ಕುಡಿದು ಅದೇ ಬಸ್ಸಿಗೆ ತಿರುಗಿದರು. ಪಡುವಣದಲ್ಲಿ ಮೋಡ ಕಟ್ಟಿತ್ತು. ಸಂಜೆಯ ಹೊತ್ತಿಗೆ ಮಳೆ ಹಿಡಿಯಿತು, ಹಿತ್ತಿಲಲ್ಲಿ ಒಂದು ತೆಂಗು ಉರುಳಿದ ಸದ್ದಾಯಿತು.

"ಅಮ್ಮ, ಪರದಿ ಅಡಿ ಒದ್ದಿ ಆಯ್ತ್. ಮಾಡಿನ್ ಹಂಚ್ ಸೋರ್ತಾ ಕಾಂತ್," ಎಂದಳು ಪ್ರಫುಲ್ಲಾ.

ಗಿರಿಜಕ್ಕ ಬಗ್ಗಿ ಅಂಚನ್ನು ಹಿಂಡಿ ಬೆರಳನ್ನು ನಾಲಗೆಗೆ ಮುಟ್ಟಿಸಿದಳು. ಉಪ್ಪು.

"ಟ್ರಂಕ್ ಬಿಚ್ಬ್ಯಾಡ ಮಗಳೆ," ಎಂದಳು.

"ಎಲ್ಲಿಗ್ ಹೋಪ್ದ್ ಅಮ್ಮ?"

ಗಿರಿಜಕ್ಕ ಟ್ರಂಕಿನ ಹಿಡಿ ಹಿಡಿದು ರಸ್ತೆ ಬದಿಯ ಜಗಲಿಗೆ ಎಳೆದಳು.